ನೂರು ಸಾಲಿನ ನಡುವೆ ಬೇಕಾದ ಒಂದೇ ಸಾಲು

ಉಬುಂಟು ಹಾಕಿರುವ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಕಂಪ್ಯೂಟರು ತನಗೆ ಜೋಡಿಸಿರುವ ಡಿಸ್ಕುಗಳ ಪಟ್ಟಿಯನ್ನು ಮುಂದಿಡುತ್ತದೆ. ತಿಳಿಯಬೇಕಿದ್ದದ್ದು ಇಷ್ಟೇ: ಈಗ ಹಾಕಿದ ಪೆನ್‌ಡ್ರೈವ್ ಎಲ್ಲಿದೆ? ಪರದೆಯ ಮೇಲೆ ಬರುವುದು ಮಾತ್ರ ಲೂಪ್0, ಲೂಪ್1, ಲೂಪ್2 ಎಂದು ಹದಿನೈದೋ ಇಪ್ಪತ್ತೋ ಸಾಲು. ಅವೆಲ್ಲ ಮುಗಿದ ಮೇಲೆ, ಕೆಳಗೆಲ್ಲೋ ಎಸ್‌ಡಿಎ, ಅದರ ಕೆಳಗೆ ಎಸ್‌ಡಿಬಿ.

ಈ ಲೂಪ್‌ಗಳು ನಿಜವಾದ ಡಿಸ್ಕುಗಳೇ ಅಲ್ಲ. ಉಬುಂಟುವಿನಲ್ಲಿ ‘ಸ್ನ್ಯಾಪ್’ ಎಂಬ ರೂಪದಲ್ಲಿ ಬರುವ ಪ್ರತಿಯೊಂದು ತಂತ್ರಾಂಶವೂ ಒಂದು ಮುಚ್ಚಿದ ಕಡತ. ಅದನ್ನು ತೆರೆದು ಬಳಸಲು ಲಿನಕ್ಸ್ ಅದಕ್ಕೊಂದು ಡಿಸ್ಕಿನ ವೇಷ ತೊಡಿಸುತ್ತದೆ. ಹೊಸ ಆವೃತ್ತಿ ಬಂದರೂ ಹಳೆಯದನ್ನು ತಕ್ಷಣ ಬಿಸಾಡದೆ ಇಟ್ಟುಕೊಳ್ಳುವುದರಿಂದ ಸಾಲುಗಳು ಇನ್ನಷ್ಟು ಬೆಳೆಯುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪೆನ್‌ಡ್ರೈವ್ ಹುಡುಕುತ್ತಿರುವವರಿಗೆ ಇದು ಜಾತ್ರೆಯಲ್ಲಿ ಕೈತಪ್ಪಿದ ಮಗುವನ್ನು ಹುಡುಕಿದಂತಾಗುತ್ತದೆ.

ಹುಡುಕಾಟ ತಪ್ಪಿದರೆ ಆಗುವ ನಷ್ಟವೂ ಸಣ್ಣದಲ್ಲ. ಹೊಸ ಲಿನಕ್ಸ್ ಹಾಕಲು ಪೆನ್‌ಡ್ರೈವ್ ಸಿದ್ಧಪಡಿಸುವವರು ಬಳಸುವ ‘ಡಿಡಿ’ ಎಂಬ ಹಳೆಯ ಆದೇಶಕ್ಕೆ ಯಾವ ಡಿಸ್ಕಿನ ಹೆಸರು ಕೊಟ್ಟರೂ ಅದು ಮರುಪ್ರಶ್ನೆ ಕೇಳದೆ ಬರೆದುಬಿಡುತ್ತದೆ. ಎಸ್‌ಡಿಬಿ ಎಂದು ಬರೆಯುವಲ್ಲಿ ಎಸ್‌ಡಿಎ ಎಂದು ಬರೆದರೆ ಮನೆಮಂದಿಯ ಫೋಟೊ, ಕಚೇರಿಯ ಲೆಕ್ಕ, ಬರೆಯುತ್ತಿದ್ದ ಪ್ರಬಂಧ ಎಲ್ಲವೂ ಒಂದೇ ಅಕ್ಷರದ ತಪ್ಪಿಗೆ ಹೋದವು. ತಂತ್ರಜ್ಞರು ಡಿಡಿಯನ್ನು ‘ಡಿಸ್ಕ್ ಡೆಸ್ಟ್ರಾಯರ್’ ಎಂದು ಕರೆಯುವುದು ಇದಕ್ಕೇ. ಅದಕ್ಕೇ ಸಾಧನಗಳ ಸ್ಥಿತಿ ತೋರಿಸುವ ಪಟ್ಟಿಯೊಂದು ಓದಲು ಸುಲಭವಾಗಿರುವುದು ಸುರಕ್ಷತೆಯ ವಿಷಯವೂ ಹೌದು.

ಎಲ್‌ಎಸ್‌ಬಿಎಲ್‌ಕೆ ಹುಟ್ಟಿದ್ದು 2011ರ ಸುಮಾರಿಗೆ. ಮಿಲನ್ ಬ್ರೋಜ್ ಮತ್ತು ಕಾರೆಲ್ ಜಾಕ್ ಇದನ್ನು ಬರೆದವರು. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ವಿತರಣೆಗಳ ಜೊತೆ ಬರುವ ‘ಯುಟಿಲ್-ಲಿನಕ್ಸ್’ ಎಂಬ ಸಲಕರಣೆಗಳ ಗಂಟಿನಲ್ಲಿ ಇದೂ ಒಂದು. ಕಾರೆಲ್ ಜಾಕ್ 2006ರಿಂದ ಆ ಗಂಟನ್ನು ಕಾಯುತ್ತಿದ್ದಾರೆ. ಎಲ್‌ಎಸ್‌ಬಿಎಲ್‌ಕೆಗೆ ತನ್ನದೇ ಆದ ಮಾಹಿತಿ ಭಂಡಾರವಿಲ್ಲ. ಲಿನಕ್ಸಿನ ಒಡಲು ಎನ್ನಬಹುದಾದ ಕರ್ನೆಲ್ ತನ್ನ ಸಾಧನಗಳ ವಿವರವನ್ನು ‘ಸಿಸ್‌ಎಫ್‌ಎಸ್’ ಎಂಬ ಕಡತಗಳ ಮರದಲ್ಲಿ ಬಿಚ್ಚಿಟ್ಟಿರುತ್ತದೆ. ಅಲ್ಲಿಂದಲೂ ‘ಯುಡೆವ್’ ಎಂಬ ಇನ್ನೊಂದು ದಾಖಲೆಯಿಂದಲೂ ಹೆಕ್ಕಿ, ಅಂದವಾಗಿ ಜೋಡಿಸಿ ತೋರಿಸುವುದಷ್ಟೇ ಇದರ ಕೆಲಸ.

ಬೇಡದ ಸಾಲುಗಳನ್ನು ತೆಗೆಯುವುದಕ್ಕೆ, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಲೋಕದಲ್ಲಿ ಹಳೆಯ ಉತ್ತರವೊಂದಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ ಪ್ರೋಗ್ರಾಮುಗಳನ್ನೂ ಸಿಕ್ಕಿಸುವಂತಿರಬೇಕು ಎಂದು ಸೂಚಿಸಿದ್ದರು. ಅದು ಕೈಗೂಡಿದ್ದು 1973ರಲ್ಲಿ, ಕೆನ್ ಥಾಂಪ್ಸನ್ ಯುನಿಕ್ಸಿಗೆ ‘ಪೈಪ್’ ಸೇರಿಸಿದಾಗ. ಒಂದು ಪ್ರೋಗ್ರಾಮ್ ಕಾರಿದ ಅಕ್ಷರಗಳು ಇನ್ನೊಂದರ ಬಾಯಿಗೆ ನೇರವಾಗಿ ಹೋಗುವ ವ್ಯವಸ್ಥೆ ಇದು. ಥಾಂಪ್ಸನ್ ಅವರೇ ಬರೆದ ‘ಗ್ರೆಪ್’ ಎಂಬ ಪುಟ್ಟ ಸಲಕರಣೆ, ಕೊಟ್ಟ ಪದವಿರುವ ಸಾಲುಗಳನ್ನು ಉಳಿಸಿ ಮಿಕ್ಕಿದ್ದನ್ನು ಎಸೆಯುತ್ತದೆ. ಎಲ್‌ಎಸ್‌ಬಿಎಲ್‌ಕೆ, ನಡುವೆ ಒಂದು ನಿಂತ ಗೀಟು, ಆಮೇಲೆ ಗ್ರೆಪ್. ಐವತ್ತು ವರ್ಷಗಳಿಂದ ಕೋಟ್ಯಂತರ ಸಲ ಕೈಬೆರಳುಗಳು ಇಂಥ ದಾರಿಯಲ್ಲೇ ಓಡಾಡಿವೆ.

ಗ್ರೆಪ್ ಒಂದು ಜರಡಿ. ಜರಡಿಗೆ ಗೊತ್ತಿರುವುದು ತೂತಿನ ಅಳತೆ ಮಾತ್ರ. ಅಕ್ಕಿಯಷ್ಟೇ ಗಾತ್ರದ ಕಲ್ಲನ್ನು ಅದು ಹಿಡಿಯಲಾರದು. ಅದಕ್ಕೆ ಮೊರದ ಮುಂದೆ ಕೂತು ಇದು ಅಕ್ಕಿ, ಇದು ಕಲ್ಲು ಎಂದು ಗುರುತಿಸುವ ಕಣ್ಣು ಬೇಕು.

ಹೇಗೆಂದು ನೋಡೋಣ. ಯಾರಿಗೋ 1.5 ಜಿ ಗಾತ್ರದ ಒಂದು ಪಾರ್ಟಿಷನ್ ಬೇಕಾಗಿದೆ. ಅವರು ಗ್ರೆಪ್‌ಗೆ ‘1.5ಜಿ’ ಎಂದು ಕೊಡುತ್ತಾರೆ. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕ್ ಲಿನಕ್ಸಿನ ಈ ಪಟ್ಟಿಯಲ್ಲಿ 931.5ಜಿ ಎಂದು ಕಾಣುತ್ತದೆ. ಅದರ ಬಾಲದಲ್ಲೂ 1.5ಜಿ ಇದೆಯಲ್ಲ! ಗ್ರೆಪ್ ಅದನ್ನೂ ಹಿಡಿದು ತರುತ್ತದೆ. ಅದು ಸಂಖ್ಯೆಯೆಂದು ಗ್ರೆಪ್‌ಗೆ ಗೊತ್ತೇ ಇಲ್ಲ. ಇನ್ನು ದೊಡ್ಡ ಸರ್ವರುಗಳಲ್ಲಿ ಡಿಸ್ಕುಗಳು ಇಪ್ಪತ್ತಾರನ್ನು ದಾಟಿದರೆ ಎಸ್‌ಡಿಝಡ್ ಆದಮೇಲೆ ಎಸ್‌ಡಿಎಎ, ಎಸ್‌ಡಿಎಬಿ ಎಂದು ಹೆಸರುಗಳು ಶುರುವಾಗುತ್ತವೆ. ಎಸ್‌ಡಿಎ ಒಂದನ್ನೇ ಕೇಳಿದವರಿಗೆ ಈ ಇಡೀ ಬಳಗವೇ ಬಂದು ನಿಲ್ಲುತ್ತದೆ. ಜೊತೆಗೆ, ಯಾವ ಅಂಕಣದಲ್ಲಿ ಏನಿದೆ ಎಂದು ಹೇಳುವ ತಲೆಸಾಲನ್ನು ಗ್ರೆಪ್ ಬೇಡದ ಸಾಲೆಂದೇ ಎಸೆದಿರುತ್ತದೆ. ಉಳಿದದ್ದು ತಲೆಬರಹವಿಲ್ಲದ ಅಂಕಿಗಳು.

ಮೊಬೈಲ್ ಆ್ಯಪ್ ತಯಾರಿಸುವವರ ಬಳಿ ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಇದೆ. ಆಂಡ್ರಾಯ್ಡ್ ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸಿ ‘ಎಡಿಬಿ ಡಿವೈಸಸ್’ ಎಂದು ಕೇಳಿದರೆ ಪ್ರತಿ ಫೋನಿನ ಸರಣಿ ಸಂಖ್ಯೆಯ ಎದುರು ಅದರ ಸ್ಥಿತಿ ಬರುತ್ತದೆ. ಕೆಲಸಕ್ಕೆ ಸಿದ್ಧವಿದ್ದರೆ ‘ಡಿವೈಸ್’, ಸಂಪರ್ಕ ಸಿಗುತ್ತಿಲ್ಲವಾದರೆ ‘ಆಫ್‌ಲೈನ್’, ಫೋನಿನ ಪರದೆಯಲ್ಲಿ ಅನುಮತಿ ಒತ್ತದೆ ಇದ್ದರೆ ‘ಅನ್‌ಆಥರೈಸ್ಡ್’. ಸಾಲು ಸಾಲು ಫೋನುಗಳನ್ನು ನೇತುಹಾಕಿರುವ ಪರೀಕ್ಷಾ ಕೋಣೆಯಲ್ಲಿ ಎಷ್ಟು ಫೋನು ಸಿದ್ಧವಿವೆ ಎಂದು ಎಣಿಸಲು ಹೊಸಬರು ‘ಡಿವೈಸ್’ ಎಂಬ ಪದವನ್ನು ಗ್ರೆಪ್ ಮಾಡುತ್ತಾರೆ. ಎಣಿಕೆ ಪ್ರತಿಸಲವೂ ಒಂದು ಹೆಚ್ಚು ಬರುತ್ತದೆ. ಕಾರಣ, ಪಟ್ಟಿಯ ಮೊದಲ ಸಾಲೇ ‘ಲಿಸ್ಟ್ ಆಫ್ ಡಿವೈಸಸ್ ಅಟ್ಯಾಚ್ಡ್’. ಆ ಶೀರ್ಷಿಕೆಯೊಳಗೂ ‘ಡಿವೈಸ್’ ಅಡಗಿದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಹೆಚ್ಚು ಕಾಡುತ್ತದೆ. ಪೈಪಿನಲ್ಲಿ ಎರಡು ಪ್ರೋಗ್ರಾಮುಗಳನ್ನು ಸೇರಿಸಿದಾಗ ಕೆಲಸ ಗೆದ್ದಿತೋ ಬಿದ್ದಿತೋ ಎಂಬ ವರದಿ ಸಾಮಾನ್ಯವಾಗಿ ಕೊನೆಯದರಿಂದ ಬರುತ್ತದೆ. ಎಡಿಬಿಯೇ ಕೆಟ್ಟು ಕೂತಿದ್ದರೂ ಗ್ರೆಪ್ ಮಾತ್ರ ‘ನನಗೆ ಯಾವ ಸಾಲೂ ಸಿಗಲಿಲ್ಲ’ ಎನ್ನುತ್ತದೆ. ಫೋನು ಇಲ್ಲದಿರುವುದಕ್ಕೂ, ನೋಡಲು ಹೋದವನೇ ದಾರಿಯಲ್ಲಿ ಬಿದ್ದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ರಾತ್ರಿಯಿಡೀ ತಾನಾಗಿ ಓಡುವ ಪರೀಕ್ಷೆಗಳಲ್ಲಿ ಈ ವ್ಯತ್ಯಾಸ ಅಳಿಸಿಹೋದರೆ ಬೆಳಿಗ್ಗೆ ಬಂದವರು ತಪ್ಪು ಕಡೆ ಹುಡುಕುತ್ತಾ ಅರ್ಧ ದಿನ ಕಳೆಯುತ್ತಾರೆ.

ಹಾಗಾದರೆ ಸೋಸುವ ಕೆಲಸವನ್ನು ಪಟ್ಟಿ ಕೊಡುವ ಸಲಕರಣೆಗೇ ವಹಿಸಿಬಿಡಬಾರದೇಕೆ? ಸುಲಭದ ಮಾತಿನಂತೆ ಕೇಳುತ್ತದೆ. ಆದರೆ ಇದಕ್ಕೆ ತೂಕದ ಆಕ್ಷೇಪವೊಂದಿದೆ, ಅದನ್ನು ಎತ್ತಿದವರೂ ಸಾಮಾನ್ಯರಲ್ಲ. ಬೆಲ್ ಲ್ಯಾಬ್ಸ್‌ನವರೇ ಆದ ರಾಬ್ ಪೈಕ್ 1983ರಲ್ಲಿ ಒಂದು ಸಮ್ಮೇಳನದಲ್ಲಿ ಮಾತಾಡುತ್ತಾ ‘ಕ್ಯಾಟ್’ ಎಂಬ ಸರಳ ಸಲಕರಣೆಗೆ ಬರ್ಕ್ಲಿ ವಿಶ್ವವಿದ್ಯಾಲಯದವರು ಸೇರಿಸಿದ ‘ವಿ’ ಎಂಬ ಆಯ್ಕೆಯನ್ನು ಕಟುವಾಗಿ ವಿರೋಧಿಸಿದರು. ಕಡತಗಳನ್ನು ಜೋಡಿಸುವುದು ಕ್ಯಾಟ್‌ನ ಕೆಲಸ, ಕಾಣದ ಅಕ್ಷರಗಳನ್ನು ತೋರಿಸಬೇಕಾದರೆ ಅದಕ್ಕೊಂದು ಬೇರೆ ಸಲಕರಣೆ ಮಾಡಿ ಎಂಬುದು ಅವರ ವಾದ. ಬ್ರಯಾನ್ ಕರ್ನಿಗನ್ ಜೊತೆ ಸೇರಿ ಅವರು ಇದನ್ನೇ ಲೇಖನವಾಗಿಯೂ ಬರೆದರು. ಒಂದೊಂದು ಸಲಕರಣೆಗೂ ಒಂದೊಂದು ಆಯ್ಕೆ ಸೇರಿಸುತ್ತಾ ಹೋದರೆ ಕೊನೆಗೆ ಪ್ರತಿಯೊಂದರೊಳಗೂ ಅರ್ಧಂಬರ್ಧ ಗ್ರೆಪ್ ಕೂತಿರುತ್ತದೆ, ಅವುಗಳ ವ್ಯಾಕರಣ ಒಂದರಂತೆ ಒಂದಿರುವುದಿಲ್ಲ. ಇದು ನಿಜವಾಗಿಯೂ ನಡೆಯುವ ಅನಾಹುತ.

ಪೈಕ್ ಹೇಳಿದ್ದು ಅಕ್ಷರಗಳ ಮಟ್ಟಿಗೆ ಪೂರ್ತಿ ಸರಿ. ಸಾಧನಗಳ ಪಟ್ಟಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಒಂದು ಟೆರಾಬೈಟಿನ ಡಿಸ್ಕು ಪರದೆಯಲ್ಲಿ 931.5ಜಿ ಎಂದು ಕಂಡರೂ ಎಲ್‌ಎಸ್‌ಬಿಎಲ್‌ಕೆಯ ಒಳಗೆ ಅದು 10,00,20,48,86,016 ಬೈಟು ಎಂಬ ಅಚ್ಚುಕಟ್ಟಾದ ಸಂಖ್ಯೆ. ಪರದೆಗೆ ಬರುವಷ್ಟರಲ್ಲಿ ಆ ಸಂಖ್ಯೆ ಚಿತ್ರವಾಗಿಬಿಟ್ಟಿರುತ್ತದೆ. ಪೈಪಿನ ಆಚೆ ತುದಿಯಲ್ಲಿ ನಿಂತ ಗ್ರೆಪ್‌ಗೆ ಸಿಗುವುದು ಆ ಚಿತ್ರ ಮಾತ್ರ. ಅರ್ಥ ಯಾರ ಕೈಯಲ್ಲಿದೆಯೋ ಸೋಸುವ ಕೆಲಸ ಅವರದ್ದೇ ಆಗಬೇಕು. ಪಟ್ಟಿಯನ್ನು ‘ಜೇಸನ್’ ಎಂಬ ರಚನೆಯಲ್ಲಿ ಹೊರಹಾಕಿ ‘ಜೆಕ್ಯೂ’ ಎಂಬ ಸಲಕರಣೆಯಿಂದ ಸೋಸುವ ನಡುದಾರಿಯೂ ಇದೆ, ಸ್ಕ್ರಿಪ್ಟು ಬರೆಯುವವರಿಗೆ ಅದು ಒಳ್ಳೆಯದೇ. ಆದರೆ ಕೈಯಲ್ಲಿ ಪೆನ್‌ಡ್ರೈವ್ ಹಿಡಿದು ನಿಂತವರಿಗೆ ಅದು ಬಳಸುದಾರಿ.

ಯುಟಿಲ್-ಲಿನಕ್ಸ್‌ನಲ್ಲಿ ಸೋಸುವ ಕೆಲಸ ಸಲಕರಣೆಯೊಳಗೇ ಬಂದ ಬಗೆ ಗಮನಿಸುವಂಥದ್ದು. ಮೊದಲು ಅದರ ಅಗತ್ಯ ಬಿದ್ದದ್ದು ಡಿಸ್ಕುಗಳಿಗಲ್ಲ. ಯಾವ ಪ್ರೋಗ್ರಾಮ್ ಯಾವ ಕಡತವನ್ನು ತೆರೆದಿದೆ ಎಂದು ತೋರಿಸುವ ‘ಎಲ್‌ಎಸ್‌ಎಫ್‌ಡಿ’ ಎಂಬ ಸಲಕರಣೆಯನ್ನು ಮಸತಾಕೆ ಯಮಾತೊ ಬರೆದರು. 2022ರಲ್ಲಿ 2.38ನೇ ಆವೃತ್ತಿಯೊಂದಿಗೆ ಅದು ಹೊರಬಂತು. ಸಾಧಾರಣ ಕಂಪ್ಯೂಟರಿನಲ್ಲೂ ತೆರೆದ ಕಡತಗಳು ಸಾವಿರಗಟ್ಟಲೆ ಇರುವುದರಿಂದ ಸೋಸದೆ ಗತ್ಯಂತರವಿರಲಿಲ್ಲ. ಹಾಗಾಗಿ ಅದರೊಳಗೇ ಒಂದು ಫಿಲ್ಟರ್ ವ್ಯಾಕರಣವಿತ್ತು. ಅಂಕಣದ ಹೆಸರು, ಹೋಲಿಕೆಯ ಚಿಹ್ನೆ, ಬೆಲೆ, ಇವನ್ನು ‘ಮತ್ತು’, ‘ಅಥವಾ’ಗಳಿಂದ ಪೋಣಿಸುವ ಅವಕಾಶ.

ಮುಂದೆ ಎಲ್‌ಎಸ್‌ಬಿಎಲ್‌ಕೆಗೂ ಫಿಲ್ಟರ್ ಬೇಕೆನಿಸಿದಾಗ ಅದನ್ನು ನಕಲು ಹೊಡೆದು ಅಂಟಿಸಲಿಲ್ಲ. ಈ ಸಲಕರಣೆಗಳೆಲ್ಲ ತಮ್ಮ ಪಟ್ಟಿಗಳನ್ನು ಅಂಕಣಗಳಾಗಿ ಜೋಡಿಸಲು ಬಳಸುವ ‘ಲಿಬ್‌ಸ್ಮಾರ್ಟ್‌ಕಾಲ್ಸ್’ ಎಂಬ ಹಂಚಿಕೆಯ ಗ್ರಂಥಾಲಯವೊಂದಿದೆ. ಫಿಲ್ಟರಿನ ಸಾಮರ್ಥ್ಯವನ್ನೇ ಅಲ್ಲಿಗೆ ಒಯ್ದರು. 2024ರ 2.40ನೇ ಆವೃತ್ತಿಯಲ್ಲಿ ಎಲ್‌ಎಸ್‌ಬಿಎಲ್‌ಕೆಗೂ ಅದು ದಕ್ಕಿತು. ಎರಡಕ್ಕೂ ಒಂದೇ ವ್ಯಾಕರಣ, ಒಂದೇ ಕೈಪಿಡಿ. ಒಮ್ಮೆ ಕಲಿತವರು ಮತ್ತೆ ಕಲಿಯಬೇಕಿಲ್ಲ. ಪೈಕ್ ಅವರ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಆಯ್ಕೆಯ ಹೆಸರಿನಲ್ಲೂ ಒಂದು ಕಥೆ ಇದೆ. ‘ಫಿಲ್ಟರ್’ ಎಂಬುದಕ್ಕೆ ಗಿಡ್ಡ ರೂಪವಾಗಿ ಸಣ್ಣ ‘ಎಫ್’ ಅಕ್ಷರ ಯಾರಿಗಾದರೂ ಮೊದಲು ಹೊಳೆಯುತ್ತದೆ. ಆದರೆ ಎಲ್‌ಎಸ್‌ಬಿಎಲ್‌ಕೆಯಲ್ಲಿ ಆ ಅಕ್ಷರ ಎಂದೋ ‘ಫೈಲ್‌ಸಿಸ್ಟಂ ವಿವರ ತೋರಿಸು’ ಎಂಬುದಕ್ಕೆ ಹೋಗಿದೆ. ಜಗತ್ತಿನಾದ್ಯಂತ ಎಷ್ಟೋ ಸ್ಕ್ರಿಪ್ಟುಗಳು ಅದನ್ನೇ ನಂಬಿಕೊಂಡಿವೆ. ಅದರ ಅರ್ಥ ಬದಲಿಸಿದರೆ ಒಂದೇ ರಾತ್ರಿಯಲ್ಲಿ ಅವೆಲ್ಲ ಮುರಿಯುತ್ತವೆ. ಆ ಅಕ್ಷರವನ್ನು ಮುಟ್ಟದೆ ಫಿಲ್ಟರಿಗೆ ದೊಡ್ಡಕ್ಷರದ ‘ಕ್ಯೂ’ ಬಂತು. ಹಳೆಯ ಮನೆಯಲ್ಲಿ ಹೊಸ ಕೋಣೆ ಕಟ್ಟುವವರು ಇರುವವರ ಕೋಣೆಯನ್ನು ಕಿತ್ತುಕೊಳ್ಳಬಾರದು ಎಂಬ ಮರ್ಯಾದೆ ಇದು.

ಮತ್ತೊಂದು ತೊಡಕು ಚಿಹ್ನೆಗಳದ್ದು. ಗಾತ್ರ ಇಂತಿಷ್ಟಕ್ಕಿಂತ ಹೆಚ್ಚು ಎನ್ನಲು ಗಣಿತದಲ್ಲಿ > ಎಂಬ ಗುರುತು ಹಾಕುತ್ತಾರೆ. ಟರ್ಮಿನಲ್‌ನಲ್ಲಿ ಕೂತು ಆದೇಶಗಳನ್ನು ಓದುವ ಶೆಲ್‌ಗೆ ಅದೇ ಗುರುತು ‘ಮುಂದೆ ಹೆಸರಿಸಿದ ಕಡತಕ್ಕೆ ಬರೆ’ ಎಂಬ ಅಪ್ಪಣೆ. ಉದ್ಧರಣ ಚಿಹ್ನೆಯೊಳಗೆ ಮುಚ್ಚದೆ ‘ಸೈಜ್ > 1000’ ಎಂದು ಬರೆದರೆ ಶೆಲ್ ಕಣ್ಣುಮುಚ್ಚಿ 1000 ಎಂಬ ಹೆಸರಿನ ಕಡತವೊಂದನ್ನು ಸೃಷ್ಟಿಸುತ್ತದೆ, ಪಟ್ಟಿಯೆಲ್ಲ ಅದರೊಳಗೆ ಹೋಗಿ ಬೀಳುತ್ತದೆ, ಪರದೆ ಖಾಲಿ. ಕಲಿಯುವವರು ಇಲ್ಲಿ ತಲೆಕೆಡಿಸಿಕೊಳ್ಳುವುದು ಸಹಜ. ಲಿಬ್‌ಸ್ಮಾರ್ಟ್‌ಕಾಲ್ಸ್‌ನವರು ಚಿಹ್ನೆಗಳ ಜೊತೆಗೆ ‘ಜಿಟಿ’, ‘ಎಲ್‌ಟಿ’, ‘ಇಕ್ಯೂ’, ‘ಆ್ಯಂಡ್’, ‘ಆರ್’ ಎಂಬ ಪದಗಳನ್ನೂ ಇಟ್ಟಿದ್ದಾರೆ. ಈ ತೊಡಕು ತಪ್ಪಿಸಲು ಅವು ನೆರವಾಗುತ್ತವೆ.

ಈಗ ಪೆನ್‌ಡ್ರೈವಿಗೆ ಹಿಂತಿರುಗೋಣ. ‘ಟ್ರಾನ್’ ಎಂಬ ಅಂಕಣ ಸಾಧನವು ಯಾವ ದಾರಿಯಿಂದ ಜೋಡಣೆಯಾಗಿದೆ ಎಂದು ಹೇಳುತ್ತದೆ: ಸಾಟಾ, ಎನ್‌ವಿಎಂಇ ಅಥವಾ ಯುಎಸ್‌ಬಿ. ಮಾಮೂಲಿ ಪಟ್ಟಿಯಲ್ಲಿ ಈ ಅಂಕಣ ಇರುವುದೇ ಇಲ್ಲ. ಆದ್ದರಿಂದ ಮಾಮೂಲಿ ಪಟ್ಟಿಯನ್ನು ಗ್ರೆಪ್‌ಗೆ ಹಾಯಿಸಿದವರು ಎಷ್ಟು ತಿಣುಕಿದರೂ ಯುಎಸ್‌ಬಿ ಎಂಬ ಪದ ಸಿಗದು. ಒಳಗಿನ ಫಿಲ್ಟರ್ ಹಾಗಲ್ಲ. ಪರದೆಗೆ ತರದ ಅಂಕಣವನ್ನೂ ಅದು ಹಿಂದೆಯೇ ಓದಿ, ‘ಟ್ರಾನ್ ಇಕ್ಯೂ ಯುಎಸ್‌ಬಿ’ ಎಂಬ ಷರತ್ತಿಗೆ ಹೊಂದುವ ಸಾಧನವನ್ನು ಮುಂದೆ ತರುತ್ತದೆ. ಇಪ್ಪತ್ತು ಲೂಪ್‌ಗಳು ಮಾಯ.

ಫಿಲ್ಟರ್ ಒಳಗೇ ಇರುವುದರಿಂದ ಆಗುವ ಇನ್ನೊಂದು ಲಾಭ ಶ್ರಮ ಉಳಿತಾಯದ್ದು. ಊರಿನಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಬಾಡಿಗೆ ಎಷ್ಟೆಂದು ಕೇಳುತ್ತಾರೆ. ಅದೇ ಕೈಗೆಟುಕದಿದ್ದರೆ ನೀರು ಬರುತ್ತದೆಯೇ, ಬೈಕ್ ನಿಲ್ಲಿಸಲು ಜಾಗವಿದೆಯೇ ಎಂದು ಮುಂದೆ ಕೇಳುವುದೇ ಇಲ್ಲ. ಎಲ್‌ಎಸ್‌ಬಿಎಲ್‌ಕೆಯೂ ಹಾಗೆಯೇ ಮಾಡುತ್ತದೆ. ಷರತ್ತನ್ನು ನಿರ್ಧರಿಸಲು ಬೇಕಾದಷ್ಟನ್ನೇ ಮೊದಲು ಓದುತ್ತದೆ. ಆ ಸಾಧನ ಹೊಂದದಿದ್ದರೆ ಅದರ ಮಿಕ್ಕ ವಿವರಗಳನ್ನು ಸಂಗ್ರಹಿಸುವ ಗೋಜಿಗೆ ಹೋಗುವುದಿಲ್ಲ. ಎಲ್ಲವನ್ನೂ ಹೆಕ್ಕಿ, ಪಟ್ಟಿ ಮಾಡಿ, ಅಂದವಾಗಿ ಜೋಡಿಸಿದ ಮೇಲೆ ಗ್ರೆಪ್ ಅದರಲ್ಲಿ ಮುಕ್ಕಾಲನ್ನು ಕಸಕ್ಕೆ ಹಾಕುವುದಕ್ಕಿಂತ ಇದು ಮೇಲು ಎಂದು ಕೈಪಿಡಿಯೇ ಹೇಳುತ್ತದೆ. ನಾಲ್ಕು ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಇದು ತಿಳಿಯದಿರಬಹುದು. ನೂರಾರು ಡಿಸ್ಕುಗಳ ಸಂಗ್ರಹಣಾ ಸರ್ವರಿನಲ್ಲಿ ತಿಳಿಯುತ್ತದೆ.

ಆದರೆ ಸೋಸುವುದರ ಇನ್ನೊಂದು ಮುಖ ಮುಚ್ಚುವುದು. ಇದನ್ನು ಮರೆತು ಫಿಲ್ಟರ್ ಸೇರಿಸಿದ ಸಲಕರಣೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡೀತು. ಎಲ್‌ಎಸ್‌ಬಿಎಲ್‌ಕೆಯಲ್ಲಿ ಮುಂಚಿನಿಂದಲೂ ‘ಇ’ ಎಂಬ ಒಂದು ಒರಟು ಆಯ್ಕೆ ಇತ್ತು, ಈಗಲೂ ಇದೆ. ಸಾಧನದ ವರ್ಗ ಸಂಖ್ಯೆ ಕೊಟ್ಟರೆ ಆ ವರ್ಗವನ್ನೇ ಅದು ಬಿಟ್ಟುಬಿಡುತ್ತದೆ. ಲೂಪ್‌ಗಳ ಸಂಖ್ಯೆ 7, ಮಾಮೂಲಿ ಡಿಸ್ಕುಗಳದ್ದು 8. ಲೂಪ್‌ಗಳ ಕಾಟದಿಂದ ಬೇಸತ್ತವರು ‘ಇ 7’ ಎಂದು ಹಾಕುವುದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಈ ಆಯ್ಕೆ ಮೇಲ್ಮಟ್ಟದ ಸಾಧನಗಳಿಗೆ ಮಾತ್ರ ಅನ್ವಯಿಸುತ್ತದೆ. ಪಟ್ಟಿ ಮರದ ರೂಪದಲ್ಲಿರುವಾಗ ಇದು ಅರ್ಥವಾಗುತ್ತದೆ, ಸಾಲುಗಳ ರೂಪದಲ್ಲಿ ತೋರಿಸಿದಾಗ ಗೊಂದಲವಾಗಬಹುದು ಎಂದು ಕೈಪಿಡಿ ಎಚ್ಚರಿಸುತ್ತದೆ. ಡಿಸ್ಕು ತಾಯಿ, ಪಾರ್ಟಿಷನ್ ಮಗು. ತಾಯಿ ಷರತ್ತಿಗೆ ಹೊಂದದೆ ಮಗು ಮಾತ್ರ ಹೊಂದಿದರೆ ಏನು ತೋರಿಸಬೇಕು? ಪ್ರತಿ ಸಲಕರಣೆಯ ಕರ್ತೃವೂ ಉತ್ತರಿಸಲೇಬೇಕಾದ ಪ್ರಶ್ನೆ ಇದು. ಮೌನವಾಗಿ ಒಂದು ಉತ್ತರ ಆರಿಸಿ, ಅದನ್ನು ಕೈಪಿಡಿಯಲ್ಲಿ ಬರೆಯದೆ ಬಿಡುವುದು ದೊಡ್ಡ ತಪ್ಪು.

ಅಂಕಣದ ಹೆಸರನ್ನು ತಪ್ಪಾಗಿ ಬರೆದಾಗಲೂ ಅಷ್ಟೆ. ಸಲಕರಣೆ ಖಾಲಿ ಪಟ್ಟಿ ಕೊಟ್ಟು ಸುಮ್ಮನಾದರೆ, ಎದುರಿಗಿರುವವರು ಸಾಧನವೇ ಇಲ್ಲವೆಂದುಕೊಳ್ಳುತ್ತಾರೆ. ‘ಈ ಹೆಸರಿನ ಅಂಕಣ ನನ್ನ ಬಳಿ ಇಲ್ಲ’ ಎಂದು ಜೋರಾಗಿ ಹೇಳುವುದೇ ಸರಿಯಾದ ನಡತೆ.

ಎಲ್‌ಎಸ್‌ಬಿಎಲ್‌ಕೆಯ ಹೊಸ ಆವೃತ್ತಿಗಳಲ್ಲಿ ಫಿಲ್ಟರಿನ ಪಕ್ಕದಲ್ಲೇ ‘ಹೈಲೈಟ್’ ಎಂಬ ಇನ್ನೊಂದು ಆಯ್ಕೆ ಇದೆ. ವ್ಯಾಕರಣ ಅದೇ, ಆದರೆ ಹೊಂದದ ಸಾಲುಗಳನ್ನು ಅದು ಅಳಿಸುವುದಿಲ್ಲ. ಹೊಂದಿದ ಸಾಲಿಗೆ ಬಣ್ಣ ಹಚ್ಚುತ್ತದೆ, ಅಷ್ಟೆ. ಡಿಡಿಯಂಥ ಹಿಂತಿರುಗಿಸಲಾಗದ ಆದೇಶಕ್ಕೆ ಮುನ್ನ ನೋಡಲು ಇದೇ ಹೆಚ್ಚು ಒಳ್ಳೆಯದು. ಗುರಿ ಎದ್ದು ಕಾಣುತ್ತದೆ, ಅದರ ಸುತ್ತ ಏನಿದೆ ಎಂಬುದೂ ಕಣ್ಣಮುಂದೆಯೇ ಉಳಿಯುತ್ತದೆ.

ಕೈಪಿಡಿಯಲ್ಲಿ ಈ ಎರಡೂ ಆಯ್ಕೆಗಳ ಎದುರು ‘ಪ್ರಾಯೋಗಿಕ’ ಎಂಬ ಸೂಚನೆ ಇದೆ. ಅಂದರೆ ಇವುಗಳ ರೂಪ ಮುಂದೆ ಬದಲಾಗಬಹುದು, ಹಾಗಾಗಿ ಮುಖ್ಯವಾದ ಸ್ಕ್ರಿಪ್ಟುಗಳಲ್ಲಿ ಇವನ್ನು ನಂಬಿ ಕೂರುವುದು ಬೇಡ. ಲಿನಕ್ಸ್ ಬಳಸುವ ಓದುಗರು ‘ಎಲ್‌ಎಸ್‌ಬಿಎಲ್‌ಕೆ’ ಮುಂದೆ ‘ವರ್ಷನ್’ ಆಯ್ಕೆ ಕೊಟ್ಟು ತಮ್ಮಲ್ಲಿರುವುದು 2.40 ಅಥವಾ ಅದರ ಮೇಲಿನದೇ ಎಂದು ನೋಡಿಕೊಳ್ಳಬಹುದು. ಹಳೆಯದಾದರೆ ಸದ್ಯಕ್ಕೆ ‘ಇ 7’ ಸಾಕು. ಹೊಸದಾದರೆ ಪ್ರಯೋಗಿಸಿ ನೋಡಿ, ತಪ್ಪು ಕಂಡರೆ ಯೋಜನೆಯವರಿಗೆ ತಿಳಿಸಿ. ಪೆನ್‌ಡ್ರೈವಿಗೆ ಬರೆಯುವ ಮುನ್ನ ಮಾತ್ರ ಸೋಸದ ಪೂರ್ತಿ ಪಟ್ಟಿಯನ್ನು ಇನ್ನೊಮ್ಮೆ ತೆರೆದು, ಡಿಸ್ಕಿನ ಗಾತ್ರವನ್ನೂ ಮಾಡೆಲ್ ಹೆಸರನ್ನೂ ಕೈಯಲ್ಲಿರುವ ವಸ್ತುವಿನ ಜೊತೆ ತಾಳೆ ನೋಡಿ.